ಅಪ್ಪನ ಕಂಠದ ಪಾಲು

ರಾಕ್ ಗಾಯಕ ವಾಮನಮೂರ್ತಿಯವರ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ, ಎಲ್ಲರ ಮನೆಯಲ್ಲೂ ಆಗುವಂತೆ, ಮಕ್ಕಳು ಅವರ ಕಂಠವನ್ನು ಪಾಲು ಮಾಡಿಕೊಳ್ಳಲು ಕೂತರು. ಹೆಂಡತಿ ಲಲಿತಾಂಬ ಗೋಡೆಗೊರಗಿ ನೋಡುತ್ತಿದ್ದರು.

ಮಂದ್ರಸ್ಥಾಯಿ ಹಿರಿಮಗ ಹೇಮಂತನಿಗೆ ಹೋಯಿತು. ಅವನು ಮೇಷ್ಟರು, ತರಗತಿಯನ್ನು ಸುಮ್ಮನಿರಿಸಲು ಬೇಕಿತ್ತು. ಕ್ರೀಡಾಂಗಣವನ್ನೇ ನಡುಗಿಸುತ್ತಿದ್ದ ತಾರಸ್ಥಾಯಿಗೆ ಮಗಳೂ ಕಿರಿಮಗನೂ ಕಿತ್ತಾಡಿ, ಕೊನೆಗೆ ಅರ್ಧರ್ಧ ಹಂಚಿಕೊಂಡರು.

"ನಿಂಗೇನು ಬೇಕಮ್ಮ?" ಎಂದ ಹೇಮಂತ, ಆಗಲೇ ಅಪ್ಪನ ಕೆಳದನಿಯಲ್ಲಿ.

"ಹಾಡಿದ್ದೆಲ್ಲ ನೀವೇ ಇಟ್ಕೊಳ್ಳಿ. ಕಾಫಿಗೆ ಕೂಗ್ತಿದ್ರಲ್ಲ, ಅಷ್ಟು ಸಾಕು."

ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಸಂಜೆ ಲಲಿತಾಂಬ ಗಂಡನ ಕುರ್ಚಿಯಲ್ಲಿ ಕೂತು, ಅಡುಗೆಮನೆಯ ಕಡೆ ತಿರುಗಿ, ಗಂಡನ ದನಿಯಲ್ಲಿ ಕೂಗಿದರು: "ಲಲ್ಲೀ, ಕಾಫಿ ತಾರೇ!"

"ಬಂದೇರೀ, ಯಾಕಷ್ಟು ಕೂಗ್ತೀರಿ" ಎಂದು ತಮ್ಮ ದನಿಯಲ್ಲಿ ಗೊಣಗುತ್ತ ಎದ್ದರು.