ಅಚ್ಚಿನ ಅಂಚು

ಕಾರ್ಖಾನೆಯ ಮೇಸ್ತ್ರಿ ಗೋಣಿಚೀಲದಿಂದ ಮೊದಲು ತೆಗೆದದ್ದು ಒಂದು ತುಂಡು ಕಬ್ಬಿಣ. ಅಣಬೆಯ ಕೊಡೆಯಂಥ ತಲೆ, ಕತ್ತಿನಿಂದ ಕೆಳಗೆ ಏನೂ ಇಲ್ಲ. ಅದನ್ನು ಅಚ್ಚುಗಾರನ ಬೆಂಚಿನ ಮೇಲಿಟ್ಟು, "ಕೈಯಲ್ಲಿ ಹಿಡ್ಕೊಂಡು ನೋಡಣ್ಣಾ," ಎಂದ. "ರೈಲಿನ ಡಬ್ಬಿ ಡಬ್ಬಿಗೆ ಕೊಂಡಿ ಹಾಕೋ ಪಿನ್ನು. ಪರೀಕ್ಷೆಗೆ ಅಂತ ಒಂದೇಟು ಕೊಟ್ವಿ, ತಲೆ ಹಾರಿ ಗೋಡೆಗೆ ಬಡೀತು. ತಲೆ ಇಲ್ದೋರಿಗೆಲ್ಲ ಕೆಲ್ಸ ಸಿಗೋ ಕಾಲ ಇದು. ಆದ್ರೆ ತಲೆ ಇಲ್ಲದ ಪಿನ್ನು ಯಾರಿಗೆ ಬೇಕು?"

ಅಚ್ಚುಗಾರ ನಗಲಿಲ್ಲ. ಬಾಗಿಲ ಬಳಿ ಬಟ್ಟೆ ಮಡಚುತ್ತಿದ್ದ ಮಗಳೂ ನಗಲಿಲ್ಲ.

"ಒಂದೇನಾ?"

"ಒಂದಾಗಿದ್ರೆ ನಾನ್ಯಾಕೆ ಬರ್ತಿದ್ದೆ? ಬಡಿದಿದ್ದೆಲ್ಲ ಹಾರಿದ್ವು. ಸದ್ಯ, ಗಾಡಿಗೆ ಹಾಕಿರ್ಲಿಲ್ಲ. ಹಾಕಿದ್ರೆ ಪಿನ್ನು ಜಾರಿಬಿದ್ದು, ಬಿಡಿಸ್ಕೊಂಡ ಡಬ್ಬಿಗಳು ಯಾರ ಮೇಲೆ ಹೋಗ್ತಿದ್ವೋ." ಮೇಸ್ತ್ರಿ ಚೀಲದಿಂದ ಅಚ್ಚಿನ ಒಂದು ಹೋಳನ್ನೂ ಎತ್ತಿಟ್ಟ. ಕಾದ ಸರಳಿನ ತುದಿ ಇದರ ಗುಳಿಯಲ್ಲಿ ಕೂತು, ಏಟು ತಿಂದು, ಅಗಲವಾಗಿ ಹರಡಿ ತಲೆಯಾಗುತ್ತದೆ. "ಪಿನ್ನಿಗಾದ್ರೆ ತಲೆ ಕತ್ತು ಸೇರೋ ಕಡೆ ಅಂಚು ದುಂಡಗಿರ್ಬೇಕು, ಇಲ್ದಿದ್ರೆ ಅಲ್ಲೇ ಮುರಿಯುತ್ತೆ ಅಂತ ನಂಗೆ ಪಾಠ ಹೇಳಿದ್ದು ನೀನೇ. ಇದು ನೋಡು, ಕೈ ಕೊಯ್ಯೋ ಹಾಗಿದೆ."

ಮಗಳು ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚತೊಡಗಿದಳು.

ಆ ಅಂಚನ್ನು ಚೂಪು ಮಾಡಿದವಳು ಅವಳು. ಇಷ್ಟು ವರ್ಷ ಈ ಮನೆಯಲ್ಲಿ ಬರೀ ಬೋಲ್ಟಿನ ಅಚ್ಚುಗಳನ್ನೇ ಕೆತ್ತಿದ್ದು. ಬೋಲ್ಟಿನ ತಲೆ ಸಪಾಟಾಗಿ ಕೂರಲು ಅವುಗಳ ಅಂಚು ಚೂಪಾಗಿರಬೇಕೆಂದು ಅಪ್ಪ ಹಟ ಹಿಡಿಯುತ್ತಿದ್ದುದನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಈಚೆಗೆ ಅವನಿಗೆ ಕಣ್ಣು ಮಂಜಾಗುತ್ತಿತ್ತು. ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಸ್ಟೂಲು, ಚೊಂಬು, ಚಪ್ಪಲಿ ಯಾವುದನ್ನೂ ಇದ್ದ ಜಾಗದಿಂದ ಕದಲಿಸುತ್ತಿರಲಿಲ್ಲ, ಅಷ್ಟೇ. ಕಣ್ಣಲ್ಲಿ ನೀರು ಬಂದರೆ ಅವನು ಒಲೆಯ ಹೊಗೆಯನ್ನು ಬೈಯುತ್ತಿದ್ದ. ಒಲೆ ಹೊತ್ತಿಸದ ಹೊತ್ತಿನಲ್ಲೂ. ಹೀಗಿರುವಾಗ ಪಿನ್ನಿನ ಅಚ್ಚು ಬಂತು; ಅದರ ಲೆಕ್ಕವೇ ಬೇರೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅವನು ಕೆತ್ತಿ ಮುಗಿಸಿದ ಮಧ್ಯಾಹ್ನ ಅವಳು ನೋಡಿದರೆ ಅಂಚು ಸುತ್ತಲೂ ದುಂಡಗಿತ್ತು. ಪಾಪ, ಕೈ ಜಾರಿದೆ, ಗೊತ್ತಾಗಿಲ್ಲ ಎಂದುಕೊಂಡಳು. ಅವನು ಒಳಗೆ ಮಲಗಿದ್ದಾಗ ಅರ ತೆಗೆದುಕೊಂಡು ಗುಳಿಯ ತಳವನ್ನು ಉಜ್ಜಿ ಉಜ್ಜಿ ಅಂಚನ್ನು ಚೂಪಾಗಿಸಿದಳು. ಅಪ್ಪನ ಮಾನ ಉಳಿಯಿತೆಂದು ಆ ದಿನ ಎರಡು ತುತ್ತು ಹೆಚ್ಚೇ ಉಂಡಿದ್ದಳು.

ಅಚ್ಚುಗಾರ ಹೋಳನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳನ್ನು ಗುಳಿಯೊಳಗೆ ಆಡಿಸಿದ. ಬೆರಳು ಅಂಚಿನ ಹತ್ತಿರ ನಿಂತಿತು. ಮತ್ತೆ ತಳಕ್ಕೆ ಇಳಿದು, ಅಲ್ಲಿನ ಸಣ್ಣ ಗೆರೆಗಳ ಮೇಲೆ ಮೆಲ್ಲಗೆ ಹೋಗಿ ಬಂತು. ಮಗಳಿಗೆ ಎಡಗೈ ವಾಟ. ಅವಳ ಅರದ ಗೆರೆಗಳು ಅಪ್ಪನ ಗೆರೆಗಳಿಗೆ ಅಡ್ಡಡ್ಡ ಬೀಳುತ್ತವೆ.

"ಇದಕ್ಕೆ ಬೇರೆ ಯಾರಾದ್ರೂ ಕೈ ಹಾಕಿದ್ರಾ ಅಣ್ಣಾ?" ಮೇಸ್ತ್ರಿ ದನಿ ತಗ್ಗಿಸಿದ. "ಹಾಕಿದ್ರೆ ಹೇಳ್ಬಿಡು, ಸಾಹುಕಾರ್ರನ್ನ ನಾನು ಸಂಭಾಳಿಸ್ತೀನಿ. ಇಲ್ಲಾಂದ್ರೆ ನಿನ್ನ ಕೆಲ್ಸ ಬೇರೆಯೋನಿಗೆ ಹೋಗುತ್ತೆ. ನನ್ನ ಮಾತು ನಡಿಯಲ್ಲ."

ಮಗಳು ಎದ್ದು ನಿಂತಳು. "ಮಾವಾ, ಅದು..."

"ನೀನು ಸುಮ್ನಿರೇ ಎಡಚಿ. ಮಾವಂಗೆ ಕುಡಿಯೋಕೆ ನೀರು ಕೊಡು." ಅಚ್ಚುಗಾರ ಹೋಳನ್ನು ಬೆಂಚಿನ ಮೇಲಿಟ್ಟ. "ಯಾರೂ ಕೈ ಹಾಕಿಲ್ಲ. ನಂಗೆ ಕಣ್ಣು ಕಾಣ್ಸಲ್ಲ ಕಣೋ. ವರ್ಷದ ಮೇಲಾಯ್ತು."

ಮೇಸ್ತ್ರಿ ನೀರು ಕುಡಿದು ಚೊಂಬನ್ನು ಕೈಯಲ್ಲೇ ತಿರುಗಿಸಿದ. "ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ," ಎಂದ. ಹೋಳನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಬೀದಿಯ ತುದಿಯವರೆಗೂ ಅವನ ಎಕ್ಕಡದ ಸದ್ದು ಕೇಳಿಸಿತು.

"ಯಾಕಪ್ಪಾ ಹಾಗಂದೆ?" ಮಗಳು ಗೋಡೆಗೆ ಒರಗಿ ಕೇಳಿದಳು. "ನಾನು ಉಜ್ಜಿ ಹಾಳು ಮಾಡಿದ್ದು ಅಂತ ನಿಂಗೆ ಗೊತ್ತಾಯ್ತಲ್ಲ. ಹೇಳಿದ್ರೆ ಕೆಲ್ಸ ಉಳೀತಿತ್ತು. ನೀನು ಸರಿಯಾಗೇ ಕೆತ್ತಿದ್ದೆ."

"ಹ್ಞೂಂ, ಸರಿಯಾಗೇ ಕೆತ್ತಿದ್ದೆ." ಅವನು ಮುರಿದ ತಲೆಯನ್ನು ಅಂಗೈಯಲ್ಲಿ ತೂಗಿದ. "ಊರೆಲ್ಲ ಏನಾದ್ರೂ ಅಂದ್ಕೊಳ್ಲಿ, ಮನೇಲಿ ನೀನೊಬ್ಳು ನಂಗಿನ್ನೂ ಕಣ್ಣಿದೆ ಅಂತ ನಂಬಿದ್ದೀಯ ಅಂದ್ಕೊಂಡಿದ್ದೆ. ಅದೇ ಧೈರ್ಯದಲ್ಲಿ ಕೆತ್ತುತ್ತಿದ್ದೆ ಮಗಾ. ಇನ್ಮೇಲೆ ಕೆಲ್ಸ ಉಳಿದ್ರೂ ಕೈ ಓಡಲ್ಲ."

ಅವಳು ಮೇಸ್ತ್ರಿ ಬಿಟ್ಟುಹೋದ ಚೊಂಬನ್ನು ಮೆಲ್ಲಗೆ ಎತ್ತಿ, ಆಚೆ ಮೂಲೆಯಲ್ಲಿ ಅದರ ಜಾಗದಲ್ಲಿಟ್ಟಳು. ಅವನು ಬೆಂಚಿಗೆ ಕೈಯೂರಿ ಎದ್ದ. ಎಂದಿನಂತೆ ನೇರ ಒಳಬಾಗಿಲಿಗೆ ಹೋಗದೆ ನಿಂತಲ್ಲೇ ನಿಂತ.

"ಸ್ವಲ್ಪ ಕೈ ಹಿಡ್ಕೊಂಡು ಕರ್ಕೊಂಡು ಹೋಗು," ಎಂದು ಮೊದಲ ಸಲ ಕೈ ಚಾಚಿದ.

ಚಾಚಿದ್ದು ಅವಳು ಈಗ ನಿಂತಿದ್ದ ಕಡೆಗಲ್ಲ, ಅತ್ತ ಖಾಲಿ ಗೋಡೆಯ ಕಡೆಗೆ. ಅವಳು ಬಳೆಯ ಸದ್ದೂ ಆಗದಂತೆ ಕೋಣೆಯನ್ನು ಬಳಸಿ ಹೋಗಿ, ಮೊದಲಿಂದ ಅಲ್ಲೇ ಇದ್ದವಳ ಹಾಗೆ ಆ ಕೈಯ ಎದುರಿಗೆ ನಿಂತಳು.