ಮೂರನೇ ಎದೆನೋವು

ಹುಲುಗೇಶ ಎದೆ ಹಿಡಿದುಕೊಂಡು ಮಂಚದ ಮೇಲೆ ಮುದುಡಿದಾಗ ಅವನ ಸುತ್ತ ಐವರು ಡಾಕ್ಟರರಿದ್ದರು. ಎದೆನೋವಿನವನಿಗೆ ಬಳ್ಳಾರಿಯಲ್ಲಿ ಇದಕ್ಕಿಂತ ದೊಡ್ಡ ಪುಣ್ಯ ಬೇಕೆ? ಆದರೆ ಅವರಲ್ಲಿ ಮೂವರು ಕೈಯಲ್ಲಿ ಪೆನ್ನು ಹಿಡಿದು ಗೋಡೆಗೆ ಒರಗಿ ನಿಂತಿದ್ದರು.

ಅವರು ಚಿಕಿತ್ಸೆ ಕೊಡಲು ಬಂದವರಲ್ಲ. ಆಸ್ಪತ್ರೆಯ ಸೇವೆ ಎಲ್ಲಿ ಸರಿಯಿದೆ, ಎಲ್ಲಿ ಕೆಟ್ಟಿದೆ ಎಂದು ಅಳೆಯುವುದನ್ನು ಕಲಿಯಲು ಬಂದವರು. ಕಲಿಸುವವಳು ಡಾಕ್ಟರ್ ಶ್ರೀಪ್ರಿಯಾ. ರೋಗಿಯನ್ನು ನೋಡಬೇಕಾದವನು ಹೊಸ ಡಾಕ್ಟರು ಹಂಪೇಶ್ ಒಬ್ಬನೇ. ಅವನು ಹೇಗೆ ನೋಡುತ್ತಾನೆಂದು ನೋಡುವುದಷ್ಟೇ ಉಳಿದವರ ಕೆಲಸ. ನಡುವೆ ಬಾಯಿ ಹಾಕಬಾರದು, ಕೈಯಂತೂ ಹಾಕಲೇಬಾರದು. ಅದು ಶ್ರೀಪ್ರಿಯಾಳ ಕಟ್ಟಪ್ಪಣೆ.

"ಸರ್ರ, ಸಂಕಟ ಆಗಾಕ ಹತ್ತೈತ್ರಿ," ಎಂದ ಹುಲುಗೇಶ. "ಎದಿ ಮ್ಯಾಲೆ ಯಾರೋ ಹತ್ತಿ ಕುಂತಂಗ ಆಗೇತ್ರಿ."

ನೋವು ಬೆಳಗ್ಗೆ ಬಸ್ಸಿನಲ್ಲೇ ಶುರುವಾಗಿತ್ತು. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ನರ್ಸ್ ಗಾದೆಮ್ಮನಿಗೆ ಹೇಳಿಯೂ ಇದ್ದ. "ಮ್ಯಾಲೆ ಹೋಗಿ ಹೇಳು ಯಣ್ಣಾ, ಎಲ್ಲಾ ಡಾಕ್ಟರ್ರು ಅಲ್ಲೇ ಅದಾರ," ಎಂದು ಆಕೆ ನಕ್ಕಿದ್ದಳು. ಅವನಿಗೂ ಅದು ಸರಿಯೆನಿಸಿತ್ತು. ಅಷ್ಟು ಜನ ಡಾಕ್ಟರರಿರುವ ಜಾಗ ಬಿಟ್ಟು ಬೇರೆಲ್ಲಿಗೆ ಹೋಗಬೇಕು?

ಹಂಪೇಶ್ ಮೊದಲು ಕೈ ತೊಳೆದುಕೊಂಡ. ಸೋಪು ಹಚ್ಚಿ, ಬೆರಳ ಸಂದಿಗಳನ್ನೂ ತಿಕ್ಕಿ, ನಿಧಾನವಾಗಿ. ಗೋಡೆಯ ಬಳಿ ಪೆನ್ನುಗಳು ಓಡಿದವು. ಆಮೇಲೆ ಹೆಸರು ಕೇಳಿದ, ಊರು ಕೇಳಿದ.

"ಹುಲುಗೇಶ್ರೀ. ರಾರಾವಿ," ಎಂದ ಅವನು ಹಲ್ಲು ಕಚ್ಚಿಕೊಂಡು. ಆ ಕೋಣೆಯಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆದರೂ ಕೇಳಬೇಕು, ಕೇಳದಿದ್ದರೆ ಅಂಕ ಹೋಗುತ್ತದೆ.

"ನೋವು ಎಡಗೈಗೆ ಇಳೀತೈತೇನ್ರಿ?"

"ಎಡಗೈ ಅಲ್ರೀ. ದವಡಿ. ದವಡಿಗೆ ಹತ್ತೈತಿ."

ಹಂಪೇಶ್ ಶ್ರೀಪ್ರಿಯಾಳ ಮುಖ ನೋಡಿದ. ಆಕೆಯ ಹುಬ್ಬು ಮೇಲೇರಿತು. "ಕುರುಗೋಡಿನ್ಯಾಗ ಎಡಗೈ ಅಂದಿದ್ರಲ್ಲಾ ಹುಲುಗೇಶಣ್ಣ?"

ಹೌದು, ಅಂದಿದ್ದ. ಕುರುಗೋಡಿನಲ್ಲಿ ಹೀಗೇ ಎದೆ ಹಿಡಿದುಕೊಂಡು ಬಿದ್ದಿದ್ದ. ಅದಕ್ಕೂ ಮುಂಚೆ ಸಿರುಗುಪ್ಪದಲ್ಲಿ ಬಿದ್ದಿದ್ದ. ಎರಡು ಸಲವೂ ಶ್ರೀಪ್ರಿಯಾ ಎದುರಿಗೇ ಇದ್ದಳು. ಎರಡು ಸಲವೂ ಅವನು ಎದ್ದು ಕೂತು, ಚಹಾ ಕುಡಿದು, ಬಸ್ಸು ಹತ್ತಿ ಊರಿಗೆ ಹೋಗಿದ್ದ. ಅಂಥವನಿಗೆ ಮೂರನೇ ಸಲ ಎದೆನೋವು ಬಂದರೆ ಯಾರು ತಾನೇ ಗಾಬರಿಯಾಗುತ್ತಾರೆ?

"ಅವತ್ತಿಂದು ಬ್ಯಾರೇರೀ ಮೇಡಂ. ಇವತ್ತು ಖರೇನ ಬಂದೈತ್ರಿ."

"ಅವತ್ತೂ ಹಿಂಗ ಅಂದಿದ್ರಿ," ಎಂದು ಶ್ರೀಪ್ರಿಯಾ ನಕ್ಕಳು.

ಅದೂ ನಿಜವೇ. ಪಾಪ, ಅವನ ಹತ್ತಿರ ಮಾತೇ ಉಳಿದಿರಲಿಲ್ಲ. ಸಾಯುತ್ತೇನೆ ಎಂದು ಆಗಲೇ ಅಂದಾಗಿತ್ತು. ದೇವರಾಣೆ ಮಾಡಿಯಾಗಿತ್ತು. ಹೆಂಡತಿ ಮಕ್ಕಳ ಹೆಸರು ಹಿಡಿದು ಅತ್ತಾಗಿತ್ತು. ಎಲ್ಲವನ್ನೂ ಹಿಂದಿನ ಎರಡು ಸಲಕ್ಕೇ ಖರ್ಚು ಮಾಡಿಕೊಂಡು ಕೂತಿದ್ದ. ನಂಬಿಸಲು ಇವತ್ತು ಹೊಸ ಮಾತನ್ನು ಎಲ್ಲಿಂದ ತರಬೇಕು?

ಗೋಡೆಯ ಬಳಿ ನಿಂತಿದ್ದ ಹಿರಿಯ ಡಾಕ್ಟರ್ ಸತ್ಯಾತ್ಮ ಪಕ್ಕದವರ ಕಿವಿಯಲ್ಲಿ ಉಸುರಿದರು: "ಬೆವರು ನೋಡ್ರಿ. ಸಿರುಗುಪ್ಪದಾಗ ನಾನೂ ಇದ್ದೆ, ಇಷ್ಟು ಬೆವರು ಇದ್ದಿದ್ದಿಲ್ಲ." ಆ ದನಿಯಲ್ಲಿ ಗಾಬರಿಯ ಸುಳಿವೂ ಇರಲಿಲ್ಲ.

ಗಾದೆಮ್ಮ ಆಮ್ಲಜನಕದ ಮಾಸ್ಕ್ ತಂದು ಅವನ ಮುಖಕ್ಕೆ ಹಾಕಿದಳು. ಅದರಲ್ಲಿ ಗಾಳಿ ಬರಲಿಲ್ಲ. ಹುಲುಗೇಶ ಅದನ್ನು ಕಿತ್ತ. ಆಕೆ ಮತ್ತೆ ಹಾಕಿದಳು. "ತಗೀಬ್ಯಾಡ ಯಣ್ಣಾ, ಡಾಕ್ಟರ್ರ ಮಾರ್ಕ್ಸ್ ಹೋಗ್ತಾವ." ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಇಸಿಜಿ ಆಗಬೇಕೆಂದು ಹಂಪೇಶ್ ಗಟ್ಟಿಯಾಗಿ ಹೇಳಿದ. ಪೆನ್ನುಗಳು ಓಡಿದವು. ಮಷೀನು ಮಾತ್ರ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಯಾರೂ ಕೇಳಲಿಲ್ಲ. ಕೊನೆಗೆ ಅವನು ಹುಲುಗೇಶನ ಮಣಿಕಟ್ಟು ಹಿಡಿದ.

ಹುಲುಗೇಶನಿಗೆ ಜೀವ ಬಂದಂತಾಯಿತು. ಬಾಯಿ ಸುಳ್ಳಾಡಬಹುದು, ನಾಡಿ ಎಲ್ಲಿ ಸುಳ್ಳಾಡುತ್ತದೆ? ಈ ಹುಡುಗನಿಗೆ ತಿಳಿದರೆ ಸಾಕು, ಬದುಕಿದೆ ಎಂದುಕೊಂಡ. ಹಂಪೇಶನ ಹಣೆ ಗಂಟಿಕ್ಕಿತು.

"ಮೇಡಂ, ಕೈ ತಣ್ಣಗ ಆಗೈತ್ರಿ. ಭಾಳ ತಣ್ಣಗ."

"ಎಸಿ ಹಚ್ಚೇವಲ್ಲಾ. ನಂದೂ ತಣ್ಣಗದ. ಮುಂದಕ್ಕ ಹೋಗ್ರಿ."

"ನಾಡಿನೂ ಸರಿಯಾಗಿ ಸಿಗ..."

"ಹಂಪೇಶ್, ಪೇಶಂಟ್ ಮುಂದ ನೀವೇ ಅಂಜಿದ್ರ ಹೆಂಗ? ಧೈರ್ಯ ಹೇಳೋದು ಮರತೀರಿ. ಅದು ಎಲ್ಲಾದಕ್ಕಿಂತ ದೊಡ್ಡ ತಪ್ಪು."

ಮೂರು ಪೆನ್ನುಗಳೂ ಆ ತಪ್ಪನ್ನು ಬರೆದುಕೊಂಡವು. ಹಂಪೇಶನ ಮುಖ ಕೆಂಪಾಯಿತು. ಅವನು ಹಿಡಿದಿದ್ದ ಕೈ ಬಿಟ್ಟುಬಿಟ್ಟ.

ಹುಲುಗೇಶ ಅವನ ಬಿಳಿ ಕೋಟನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿದ. ಕುರುಗೋಡಿನಲ್ಲೂ ಕೋಟು ಹಿಡಿದು ಜಗ್ಗಿದ್ದ. ತನಗೆ ಕಲಿಸಿಕೊಟ್ಟಂತೆಯೇ ಹಂಪೇಶ್ ಆ ಬೆರಳುಗಳನ್ನು ಒಂದೊಂದಾಗಿ, ಮೆಲ್ಲಗೆ ಬಿಡಿಸಿದ. "ಧೈರ್ಯದಿಂದ ಇರ್ರಿ ಯಜಮಾನ್ರ, ನಾವೆಲ್ಲಾ ಅದೀವಲ್ಲ," ಎಂದ. ಶ್ರೀಪ್ರಿಯಾ ತಲೆದೂಗಿದಳು. ಇಂಥ ಆರೈಕೆಗೆ ಏನು ಹೇಳೋಣ!

ಆಮೇಲೆ ಹುಲುಗೇಶ ಸುಮ್ಮನಾದ. ಹಿಂದಿನ ಎರಡು ಸಲವೂ ಕೊನೆಯವರೆಗೆ ನರಳಿದ್ದವನು ಇವತ್ತು ನರಳಲಿಲ್ಲ. ಕಣ್ಣುಗಳು ಟ್ಯೂಬ್‌ಲೈಟಿನ ಮೇಲೆ ನೆಟ್ಟವು. ರೆಪ್ಪೆ ಬಡಿಯಲಿಲ್ಲ. ಗೋಡೆಯ ಬಳಿ ಎಲ್ಲರೂ ಬರೆಯುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತ ನಿಂತರು.

"ಸಾಕು ಹುಲುಗೇಶಣ್ಣ, ಏಳ್ರಿ, ಚಹಾ ಬಂದದ," ಎಂದು ಶ್ರೀಪ್ರಿಯಾ ಗೋಡೆಯ ಕಡೆ ತಿರುಗಿ, "ಬಯಲಾಟದಾಗ ದುರ್ಯೋಧನನ ಪಾರ್ಟ್ ಮಾಡೋರನ್ನ ಕರಿಸಿ ನಮ್ಮ ತರಬೇತಿಗೆ ರೋಗಿ ಪಾರ್ಟ್ ಕೊಟ್ಟದ್ದು ಇವತ್ತು ಸಾರ್ಥಕ ಆತು ನೋಡ್ರಿ," ಎಂದಳು. ಇಡೀ ಕೋಣೆ ಚಪ್ಪಾಳೆ ತಟ್ಟಿತು.