ಆರು ತಿಂಗಳು ಉಳಿಯುವ ಡಿಸ್ಕ್

ಗಾರ್ಮೆಂಟ್ಸ್ ಆಫೀಸಿನಲ್ಲಿ ಕ್ಯಾಮೆರಾ ರೆಕಾರ್ಡಿಂಗ್ ಉಳಿಸುವ ಹಳೆಯ ಕಂಪ್ಯೂಟರಿಗೆ ದೊಡ್ಡ ಹಾರ್ಡ್ ಡಿಸ್ಕ್ ಹಾಕಲು ರಿಪೇರಿಯವರು ಬಂದಿದ್ದರು. ಟಾರ್ಚ್ ಹಿಡಿಯಲು ಸೂಪರ್‌ವೈಸರ್ ನನ್ನನ್ನೇ ಕರೆದ. ಹೋದ ತಿಂಗಳು ಅವನ ಮೇಲೆ ನಾನು ದೂರು ಕೊಟ್ಟಿದ್ದೆ. ಮಾಲೀಕರು ಕ್ಯಾಮೆರಾ ನೋಡುವಷ್ಟರಲ್ಲಿ ಆ ದಿನದ್ದು ಅಳಿಸಿಹೋಗಿತ್ತು. ಇನ್ನೊಮ್ಮೆ ಸುಳ್ಳು ಹೇಳಿದರೆ ಕೆಲಸವಿಲ್ಲ ಎಂದಿದ್ದರು.

ಅವನು ನನ್ನ ಹಿಂದೆಯೇ ಬಂದು ನಿಂತ.

“ಯಾಕಮ್ಮ, ಟಾರ್ಚ್ ಇಷ್ಟೊಂದು ಅಲ್ಲಾಡ್ತಿದೆ?” ಸ್ಕ್ರೂ ಬಿಗಿಯುತ್ತಿದ್ದ ರಿಪೇರಿಯವರು ಕೇಳಿದರು.

“ಕ್ಯಾಮೆರಾ ಅಂದ್ರೆ ಹೆದ್ರಿಕೆ ಸಾರ್ ಇವ್ಳಿಗೆ. ಕೆಲ್ಸಗಳ್ಳಿ,” ಎಂದು ಅವನು ನಕ್ಕ.

ರಿಪೇರಿಯವರು ಡಬ್ಬಿ ಮುಚ್ಚಿ ಸ್ವಿಚ್ ಹಾಕಿದರು. ಪರದೆ ಬೆಳಗಿತು. “ಪರ್ವಾಗಿಲ್ಲ, ಹಳೇ ಮುದುಕ ಹೊಸ ಡಿಸ್ಕ್ ಒಪ್ಕೊಂಡ!”

ಟಾರ್ಚ್ ಆರಿಸಿ ನಾನು ಕೇಳಿದೆ: “ಇದ್ರಲ್ಲಿ ಎಷ್ಟು ದಿನದ್ದು ಉಳಿಯುತ್ತೆ ಸಾರ್?”

“ಮೊದ್ಲು ಬರೀ ಒಂದು ವಾರ ಇತ್ತು. ಇನ್ಮೇಲೆ ಆರು ತಿಂಗಳು.”

“ನಾಳೆಯಿಂದ ತಾನೇ ಶುರು?” ಅವನು ಕೇಳಿದ.

“ಆಗ್ಲೇ ಶುರುವಾಯ್ತು. ನೋಡಿ, ಬಾಗಿಲ ಮೇಲಿನ ಕ್ಯಾಮೆರಾದಲ್ಲಿ ನೀವಿಬ್ರೂ ಹಿಂದಿನಿಂದ ಎಷ್ಟು ಚೆನ್ನಾಗಿ ಕಾಣ್ತಿದ್ದೀರಿ.”

ನನ್ನ ಸೊಂಟದ ಮೇಲಿದ್ದ ಅವನ ಕೈ ಸರಕ್ಕನೆ ಹಿಂದೆ ಸರಿಯಿತು.